ಆಂಟೆನಾ ತಂತಿ ಎತ್ತಲು ಯಾವ ಗಾಳಿಪಟ: ಡೆಲ್ಟಾ, ಪ್ಯಾರಾಫಾಯಿಲ್, ರೊಕ್ಕಾಕು

ಕೊಡಗಿನ ಕಾಫಿ ತೋಟದೊಳಗೆ ರೇಡಿಯೊ ನಡೆಸುವ ಹ್ಯಾಮ್‌ಗೆ (ಹವ್ಯಾಸಿ ರೇಡಿಯೊದವರಿಗೆ) ಸಾಮಾನ್ಯವಾಗಿ ಗಾಳಿಪಟದ ಅಗತ್ಯ ಬೀಳುವುದಿಲ್ಲ. ಸಿಲ್ವರ್ ಓಕ್ ಮರದ ಕೊಂಬೆಯ ಮೇಲಿಂದ ದಾರ ಹಾಯಿಸಿದರೆ ತಂತಿ ಏರುತ್ತದೆ. ಆದರೆ 3.5 ಮೆಗಾಹರ್ಟ್ಸ್‌ನಲ್ಲಿ ಮುಸ್ಸಂಜೆಯ ಹೊತ್ತು ದೂರದ ನಿಲ್ದಾಣಗಳನ್ನು ಹಿಡಿಯಲು ಸುಮಾರು 40 ಮೀಟರ್ ಉದ್ದದ, ಅಂದರೆ ರೇಡಿಯೊ ತರಂಗದ ಅರ್ಧದಷ್ಟು ಉದ್ದದ ಆಂಟೆನಾ ತಂತಿಯನ್ನು ಆದಷ್ಟು ನೆಟ್ಟಗೆ ನಿಲ್ಲಿಸಬೇಕೆಂದರೆ ಅಷ್ಟೆತ್ತರದ ಮರ ಕೈಗೆಟಕುವುದಿಲ್ಲ, ಬಾಣೆಯ ಮೇಲಿನ ಹುಲ್ಲುಗುಡ್ಡದಲ್ಲಂತೂ ಮರವೇ ಇರುವುದಿಲ್ಲ. ಅಲ್ಲಿಗಾಗಿ ನಾನು ಮೂರು ಬಗೆಯ ಗಾಳಿಪಟಗಳನ್ನು ಬಳಸಿ ನೋಡಿದ್ದೇನೆ. ಈಗ ಚೀಲದಲ್ಲಿ ಉಳಿದಿರುವುದು ತ್ರಿಕೋನಾಕಾರದ ಡೆಲ್ಟಾ ಒಂದೇ.

ಮೊದಲು ಹಣ ಕೊಟ್ಟು ತಂದದ್ದು ಪ್ಯಾರಾಫಾಯಿಲ್. ಅದು ಬರೀ ಬಟ್ಟೆಯ ಪಟ, ಕಡ್ಡಿಗಳಿಲ್ಲ, ಮಡಚಿದರೆ ಅಂಗೈಯಗಲವಾಗುತ್ತದೆ, ಬಿರುಗಾಳಿಯಲ್ಲಿ ಅದರಷ್ಟು ಬಲವಾಗಿ ಎಳೆಯುವ ಪಟ ಬೇರೊಂದಿಲ್ಲ. ತೊಂದರೆ ಇರುವುದು ಅದು ಆಕಾರ ಪಡೆಯುವ ರೀತಿಯಲ್ಲಿ. ಎದುರು ಗಾಳಿ ಒಳಗಿನ ಕೋಶಗಳನ್ನು ತುಂಬಿದರೆ ಮಾತ್ರ ಅದು ರೆಕ್ಕೆ. ಗಾಳಿ ಅರೆಕ್ಷಣ ನಿಂತರೂ ಒದ್ದೆ ಬಟ್ಟೆಯಂತೆ ಮುದುಡಿ ಕೆಳಗಿಳಿಯುತ್ತದೆ. ಕಡಲತೀರದ ಸಮಗಾಳಿಯಲ್ಲಿ ಇದು ದೊಡ್ಡ ಕೊರತೆಯಾಗಲಾರದು. ನಮ್ಮ ಗುಡ್ಡಗಳಲ್ಲಿ ಗಾಳಿ ಏಣನ್ನು ದಾಟಿದೊಡನೆ ಒಡೆದು ಸುಳಿಯಾಗುತ್ತದೆ, ಬಿಸಿಲೇರಿದಂತೆ ಕಣಿವೆಯಿಂದ ಮೇಲೇಳುವ ಗಾಳಿಯೂ ಅದರೊಡನೆ ಬೆರೆಯುತ್ತದೆ. ಹೀಗಾಗಿ ಬೀಸುವುದು, ನಿಲ್ಲುವುದು, ಮತ್ತೆ ಬೀಸುವುದು ನಡೆದೇ ಇರುತ್ತದೆ.

ಪಟ ಪೂರ್ತಿ ಬಿದ್ದು, ತಂತಿ ಕೆಳಗಿನ ತೋಟದ ಮೆಣಸಿನ ಬಳ್ಳಿಗಳಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಡಿಸುವುದರಲ್ಲೇ ಸಂಜೆ ಕಳೆಯುತ್ತದೆ. ಪಟ ಬೀಳದೆ ಹತ್ತಿಪ್ಪತ್ತು ಮೀಟರ್ ಇಳಿದು ಏರುತ್ತಿದ್ದರೂ ರೇಡಿಯೊಗೆ ನೆಮ್ಮದಿ ಇಲ್ಲ. ತಂತಿ ಓರೆಯಾಗಿ ನೆಲಕ್ಕೆ ಸಮೀಪಿಸಿದಂತೆ ಅದರ ಇಂಪೆಡೆನ್ಸ್ (ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ) ಬದಲಾಗುತ್ತದೆ, ರೇಡಿಯೊಗೂ ತಂತಿಗೂ ಹೊಂದಾಣಿಕೆ ಎಷ್ಟು ತಪ್ಪಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಅಂಕಿ ಮೇಲೇರುತ್ತದೆ, ಟ್ರಾನ್ಸೀವರ್ (ಕಳಿಸುವ, ಪಡೆಯುವ ಎರಡೂ ಕೆಲಸದ ರೇಡಿಯೊ) ತನ್ನ ರಕ್ಷಣೆಗಾಗಿ ಶಕ್ತಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಈ ಸಮಸ್ಯೆ ಹೊಸದಲ್ಲ. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ ರೇಡಿಯೊ ಸಂಶೋಧಕ ಮಾರ್ಕೋನಿ ಗಾಳಿಪಟದಿಂದ ಸುಮಾರು 150 ಮೀಟರ್ ತಂತಿಯನ್ನು ಎತ್ತಿದಾಗ, ಪಟದ ಓಲಾಟದಿಂದ ತಂತಿಯ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಬದಲಾಗುತ್ತಿದ್ದುದರಿಂದ ಶ್ರುತಿ ಹೊಂದಿಸಿದ ರಿಸೀವರನ್ನು ಕೈಬಿಟ್ಟು ಸರಳ ರಿಸೀವರ್‌ಗೆ ಕಿವಿಗೊಡಬೇಕಾಯಿತು. ನಮಗೆ ಆ ದಾರಿಯೂ ಇಲ್ಲ, ಏಕೆಂದರೆ ನಾವು ಕೇಳುವುದಷ್ಟೇ ಅಲ್ಲ, ಮಾತನಾಡಲೂ ಬೇಕು.

ಡೆಲ್ಟಾ ಈ ವಿಷಯದಲ್ಲಿ ಬೇರೆಯೇ ಜಾತಿ. ಗಾಳಿ ನಿಂತಾಗ ಅದು ಕುಸಿಯುವುದಿಲ್ಲ; ಮೂಗನ್ನು ಮುಂದಕ್ಕೆ ಬಾಗಿಸಿ ತೇಲುತ್ತ ಇಳಿಯುತ್ತದೆ, ಅಷ್ಟರೊಳಗೆ ದಾರವನ್ನು ಸ್ವಲ್ಪ ಸೆಳೆದುಕೊಂಡರೆ ಮುಂದಿನ ಬೀಸಿಗೆ ತಾನಾಗಿ ಏರುತ್ತದೆ. ಸೂತ್ರ ಕಟ್ಟಿ ಸರಿಪಡಿಸುವ ಕೆಲಸವಿಲ್ಲ, ಹೊಟ್ಟೆಯಡಿ ಇಳಿಬಿದ್ದ ಬಟ್ಟೆಯ ಪಟ್ಟಿಗೆ (ಕೀಲ್) ದಾರ ಕಟ್ಟಿದರೆ ಸಾಕು, ಬಾಲಂಗೋಚಿಯೂ ಬೇಡ. ಗಾಳಿ ಬಲವಾದರೆ ಅಡ್ಡಕಡ್ಡಿ ಬಾಗಿ ಪಟ ಪಕ್ಕಕ್ಕೆ ವಾಲುತ್ತದೆ ಎಂಬುದು ನಿಜ. ಅಂಥ ದಿನ ಪ್ಯಾರಾಫಾಯಿಲ್ಲೇ ಮೇಲು.

ಜಪಾನಿನ ಆರು ಮೂಲೆಯ ರೊಕ್ಕಾಕು ಮೂರರಲ್ಲಿ ಅತ್ಯಂತ ಸ್ಥಿರವಾದದ್ದು, ಮಂದಗಾಳಿಯಲ್ಲೂ ಭಾರ ಹೊರುತ್ತದೆ, ಬಿದಿರಿನ ಕಡ್ಡಿಗಳಿಂದ ಮನೆಯಲ್ಲೇ ಮಾಡಬಹುದು. ಆದರೆ ಗಾಳಿಗೆ ತಕ್ಕಂತೆ ಬೆನ್ನಿನ ಬಿಲ್ಲನ್ನೂ ನಾಲ್ಕೆಳೆಯ ಸೂತ್ರವನ್ನೂ ಪ್ರತಿಸಲ ಹೊಂದಿಸಬೇಕು. ಜೊತೆಗೆ ಇನ್ನೊಬ್ಬರಿರುವವರು ಅದನ್ನೇ ಆರಿಸಿಕೊಳ್ಳಲಿ.

ಭಾರದ ಚಿಂತೆ ಯಾವುದಕ್ಕೂ ಬೇಡ: ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿ 40 ಮೀಟರ್‌ಗೆ ಸುಮಾರು 70 ಗ್ರಾಂ ತೂಗುತ್ತದೆ. ಅದನ್ನು ಪಟಕ್ಕೆ ನೇರವಾಗಿ ಕಟ್ಟದೆ, ಹತ್ತು ಹದಿನೈದು ಮೀಟರ್ ಕೆಳಗೆ ದಾರಕ್ಕೆ ಕಟ್ಟಬೇಕು. ಶುಭ್ರ ಆಕಾಶದಲ್ಲೂ ತಂತಿಯಲ್ಲಿ ಸ್ಥಿರವಿದ್ಯುತ್ ಸೇರುವುದರಿಂದ ನೆಲಕ್ಕೆ ಸಲಾಕೆ ಹೊಡೆದು ಅರ್ತಿಂಗ್ ಕೊಡಲೇಬೇಕು. ವಿದ್ಯುತ್ ಲೈನ್ ಹಾದುಹೋಗುವ ಜಾಗದಲ್ಲಿ ಯಾವ ಪಟವನ್ನೂ ಹಾರಿಸಕೂಡದು.

ನಾನು ಒಬ್ಬನೇ ಗುಡ್ಡ ಹತ್ತುವವನು. ಪ್ಯಾರಾಫಾಯಿಲ್‌ಗೆ ಕೊಟ್ಟ ಹಣದ ಅರ್ಧಕ್ಕಿಂತ ಕಡಿಮೆಗೆ ಡೆಲ್ಟಾ ಬಂತು, ಉಳಿದದ್ದರಲ್ಲಿ ಒಳ್ಳೆಯ ಡೇಕ್ರಾನ್ (ಪಾಲಿಯೆಸ್ಟರ್) ದಾರ ಕೊಂಡೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅದನ್ನು ಹಾರಿಸುತ್ತೇನೆ. ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ಗುಡುಗು ಶುರುವಾದ ಮೇಲೆ ತಂತಿ ಮತ್ತೆ ಸಿಲ್ವರ್ ಓಕ್‌ಗೆ, ಅದೂ ಮೋಡವಿಲ್ಲದ ದಿನಗಳಲ್ಲಿ ಮಾತ್ರ.