ಮಾಸ್ತರ ನೆನಪಿಗೆ ಕೊಂಡ ಬೆಂಗೇರಿ ಬಾವುಟ

ನಮ್ಮ ಊರಲ್ಲಿ ಯಾರಾದರೂ ಹಿರಿಯರು ತೀರಿಕೊಂಡರೆ ಅವರ ಹೆಸರಲ್ಲಿ ಶಾಲೆಗೆ ಏನಾದರೂ ಕೊಡುವುದು ರೂಢಿ. ಫ್ಯಾನಿನ ರೆಕ್ಕೆ, ಗೋಡೆ ಗಡಿಯಾರ, ಊಟದ ತಟ್ಟೆ ಎಲ್ಲದರ ಮೇಲೂ ಹೆಸರಿದೆ. ನಾನು ಮಾಸ್ತರ ನೆನಪಿಗೆ ಕೊಟ್ಟದ್ದರ ಮೇಲೆ ಮಾತ್ರ ಹೆಸರು ಬರೆಸುವ ಹಾಗಿಲ್ಲ. ಅದು ರಾಷ್ಟ್ರಧ್ವಜ. ಬಾವುಟದ ಮೇಲೆ ಒಂದಕ್ಷರವೂ ಇರಕೂಡದು ಅಂತ ಧ್ವಜ ಸಂಹಿತೆ ಹೇಳುತ್ತದೆ. ಅದನ್ನು ನನಗೆ ಹೇಳಿಕೊಟ್ಟವರೂ ಅವರೇ.

ಕೊಂಡದ್ದು ಹುಬ್ಬಳ್ಳಿಯಲ್ಲಿ. ಕೇಶ್ವಾಪುರ ದಾಟಿದರೆ ಬೆಂಗೇರಿ, ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರಲ್ಲಿ ಶುರುವಾದ ಸಂಘ ಇದು. ಬಾವುಟದ ಬಟ್ಟೆ ನೇಯುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ. ಬಣ್ಣ, ಚಕ್ರದ ಅಚ್ಚು, ಹೊಲಿಗೆ ಬೆಂಗೇರಿಯಲ್ಲಿ. ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ.

ಮಾಸ್ತರು ನಮ್ಮ ಶಾಲೆಯ ಡ್ರಿಲ್ ಮಾಸ್ತರಾಗಿದ್ದವರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಿವೃತ್ತರಾಗಿ ಆರು ವರ್ಷವಾಗಿತ್ತು. ನನ್ನ ಮೊದಲ ಆಗಸ್ಟ್ 15ರಂದು ಬಾವುಟ ಕಟ್ಟಿದವಳು ನಾನೇ. ಅತಿಥಿಗಳು ಹಗ್ಗ ಎಳೆದರು, ಗಂಟು ಬಿಚ್ಚಲಿಲ್ಲ. ಮತ್ತೆ ಎಳೆದರು, ಇನ್ನೂ ಬಿಗಿಯಾಯಿತು. ಊರೆಲ್ಲ ನೋಡುತ್ತಿದೆ, ನನಗೆ ಕಣ್ಣಲ್ಲಿ ನೀರು. ಮಾಸ್ತರು ಕುರ್ಚಿಯಿಂದ ಎದ್ದು ಬಂದರು, ಬಾವುಟ ಇಳಿಸಿದರು, ಗಂಟು ಬಿಡಿಸಿ ಮತ್ತೆ ಕಟ್ಟಿ ಏರಿಸಿದರು. ಯಾರಿಗೂ ಒಂದು ಮಾತು ಹೇಳಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಒಂದು ಟವೆಲು, ಒಂದು ಹಗ್ಗ ಹಿಡಿದು ಬಂದು ಇಪ್ಪತ್ತು ಸಲ ಕಟ್ಟಿಸಿದರು. "ಗಂಟು ಬಿಗಿ ಇರಬೇಕು ತಂಗೆವ್ವಾ, ಆದ್ರ ಹಟಾ ಹಿಡೀಬಾರದು" ಅಂದರು. ಆಮೇಲೆ ಪಾಠ ಮಾಡುವುದು, ಹಾಜರಿ ತಪ್ಪಿಸುವ ಮಕ್ಕಳ ಮನೆಗೆ ಹೋಗಿ ಮಾತಾಡುವುದು, ಎಲ್ಲ ಅವರ ಹತ್ತಿರ ಕೇಳಿಯೇ ಕಲಿತೆ.

ಅವರು ಹೋದ ದಿನ ಮಕ್ಕಳು "ಟೀಚರ್, ಬಾವುಟ ಅರ್ಧಕ್ಕೆ ಹಾರಿಸೋಣ" ಅಂದರು. ಹಾಗೆ ಮಾಡಬಾರದು. ರಾಷ್ಟ್ರಪತಿ, ಪ್ರಧಾನಿಯಂಥವರು ತೀರಿಕೊಂಡು ಸರ್ಕಾರ ಹೇಳಿದಾಗ ಮಾತ್ರ ಅರ್ಧಕ್ಕೆ ಇಳಿಸುವುದು. ಇಲ್ಲ ಅನ್ನುವಾಗ ಸಂಕಟವಾಯಿತು. ಮಾಸ್ತರಿದ್ದಿದ್ದರೆ ಅವರೂ ಇಲ್ಲ ಅನ್ನುತ್ತಿದ್ದರು ಅಲ್ವಾ ಅಂತ ಅನ್ನಿಸಿದ ಮೇಲೆಯೇ ಬೆಂಗೇರಿಗೆ ಹೋಗುವ ಮನಸ್ಸಾದದ್ದು.

ಸರ್ಕಾರ ಒಪ್ಪಿದ ಒಂಬತ್ತು ಅಳತೆಗಳಿವೆ. ಎಲ್ಲದರಲ್ಲೂ ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ನಮ್ಮಲ್ಲಿದ್ದದ್ದು 900 × 600 ಮಿಲಿಮೀಟರಿನದು. ನಮ್ಮ ಕಂಬಕ್ಕೆ ಅದು ಸಣ್ಣದಾಯಿತು ಅಂತ ಮಾಸ್ತರು ಪ್ರತಿ ವರ್ಷ ಹೇಳುತ್ತಿದ್ದರು. ನಾನು 1350 × 900ರದ್ದು ಕೊಂಡೆ.

ಮನೆಗೆ ತಂದು ಹಾಸಿಗೆಯ ಮೇಲೆ ಹರಡಿ ನೋಡಿದೆ. ಮೂರು ಪಟ್ಟಿಗಳೂ ಸಮ. ಚಕ್ರದ 24 ಕಡ್ಡಿಗಳನ್ನು ಬೆರಳಿಟ್ಟು ಎಣಿಸಿದೆ, ಮಾಸ್ತರು ಎಣಿಸುತ್ತಿದ್ದ ಹಾಗೆಯೇ. ಕಿಟಕಿಯ ಬೆಳಕಿಗೆ ಹಿಡಿದರೆ ಆ ಕಡೆಯ ಚಕ್ರ, ಈ ಕಡೆಯ ಚಕ್ರ ಒಂದರ ಮೇಲೊಂದು ಕೂತಿವೆ. ಹಗ್ಗ ಹೋಗುವ ಅಂಚಿಗೆ ದಪ್ಪನೆಯ ಖಾದಿ ಬಟ್ಟೆ, ಎಳೆದು ನೋಡಿದೆ, ಹೊಲಿಗೆ ಜಗ್ಗಲಿಲ್ಲ. ಹಿಂದೊಮ್ಮೆ ಪೇಟೆಯ ಒಂದು ಅಂಗಡಿಯಿಂದ ಪಾಲಿಸ್ಟರಿನದು ತಂದಿದ್ದೆವು. ಅದರ ಚಕ್ರ ಮೊಟ್ಟೆಯ ಹಾಗಿತ್ತು. ಮಾಸ್ತರು ಅದನ್ನು ಮಡಚಿ ವಾಪಸು ಕೊಟ್ಟು ಬಂದಿದ್ದರು.

2021ರ ಡಿಸೆಂಬರಿನ ತಿದ್ದುಪಡಿಯಾದ ಮೇಲೆ ಪಾಲಿಸ್ಟರಿಗೂ ಒಪ್ಪಿಗೆ ಇದೆ, ಅದರಲ್ಲಿ ತಪ್ಪೇನಿಲ್ಲ. ಬೆಲೆಯೂ ಕಡಿಮೆ, ಸಣ್ಣ ಗಾಳಿಗೂ ಹಾರುತ್ತದೆ. ಖಾದಿ ಹಾಗಲ್ಲ. ಮಳೆಗೆ ನೆನೆದರೆ ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ. ಇಳಿಸಿದ ಮೇಲೆ ಹಾಗೇ ಮಡಚಿಡಬೇಡಿ, ನೆರಳಲ್ಲಿ ಪೂರ್ತಿ ಒಣಗಿಸಿ. ಏರಿಸಲು ಕಟ್ಟುವಾಗ ಒಳಗೆ ಹೂವಿನ ಎಸಳು ಇಡಬಹುದು, ಆದರೆ ಒರೆಸಿ ಇಡಿ. ಹಸಿ ಚೆಂಡು ಹೂ ಬಿಳಿ ಪಟ್ಟಿಗೆ ಕಲೆ ಮಾಡುತ್ತದೆ. ನಿಮ್ಮ ಶಾಲೆಗೂ ಬೇಕಾದರೆ ಆಗಸ್ಟಿನ ಗದ್ದಲಕ್ಕೆ ಮೊದಲೇ ಕೊಂಡುಬಿಡಿ. ನಾನಂತೂ ಖಾದಿಯನ್ನೇ ಕೊಳ್ಳಿ ಅನ್ನುತ್ತೇನೆ. ಅದನ್ನು ಮಡಚುವಾಗ ಯಾರೋ ನೂತದ್ದು, ಯಾರೋ ನೇಯ್ದದ್ದು ಅಂತ ಕೈಗೆ ಗೊತ್ತಾಗುತ್ತದೆ.

ಬಾವುಟದ ಮೇಲೆ ಹೆಸರಿಲ್ಲದಿದ್ದರೂ ಶಾಲೆಯ ಸಾಮಾನುಗಳ ಲೆಕ್ಕ ಬರೆಯುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಇದೆ. "ಖಾದಿ ಧ್ವಜ, 1" ಅಂತ ಬರೆದು, ಮುಂದೆ ಮಾಸ್ತರ ಪೂರ್ತಿ ಹೆಸರು ಬರೆದೆ. ಅದೇ ರಿಜಿಸ್ಟರಿನ ಹಳೆಯ ಪುಟಗಳಲ್ಲಿ ಲೇಜಿಮ್ಮು, ಡಂಬೆಲ್ಸು, ಹಗ್ಗ ಎಲ್ಲ ಅವರ ಗುಂಡು ಅಕ್ಷರದಲ್ಲಿವೆ.

ಈ ಸಲ ಆಗಸ್ಟ್ 15ಕ್ಕೆ ಕಟ್ಟಿದ್ದು ಏಳನೇ ಕ್ಲಾಸಿನ ಹುಡುಗಿ. ಹಿಂದಿನ ವಾರ ನಾನು ಟವೆಲು, ಹಗ್ಗ ಹಿಡಿದು ಅವಳಿಂದ ಇಪ್ಪತ್ತು ಸಲ ಕಟ್ಟಿಸಿದ್ದೆ. ಬೆಳಗ್ಗೆ ಜಿಟಿಜಿಟಿ ಮಳೆ ಇತ್ತು. ಮಾಸ್ತರ ಹೆಂಡತಿ ಹಗ್ಗ ಎಳೆದರು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.