ಡೇರೆ ಹೂವಿಗೆ ಸಿಲಿಕಾ, ಬಾಗಿಲಿಗೆ ಅಟ್ಟದ ಹೂ

ಬಾಗಿಲಿಗೆ ತೂಗಿಸುವ ರೀತ್‌ಗೆ, ಅಂದರೆ ಹೂ ಕಟ್ಟಿದ ಬಳ್ಳಿಯ ಚಕ್ರಕ್ಕೆ, ನನ್ನ ಮತ ಅಟ್ಟದಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದ ಹೂವಿಗೆ. ತೇವ ಹೀರುವ ಸಿಲಿಕಾ ಜೆಲ್ ಹರಳು, ಮರಳು, ಬಿಳಿಗಾರದ ಪುಡಿ ಮೂರನ್ನೂ ಅದರ ಪಕ್ಕದಲ್ಲಿಟ್ಟು ನೋಡಿದ್ದಾಗಿದೆ. ಪೆಟ್ಟಿಗೆಯಿಂದ ತೆಗೆದ ದಿನ ಸಿಲಿಕಾದ ಹೂವೇ ಎಲ್ಲಕ್ಕಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡಗಿನಲ್ಲಿ ಒಣಹೂವಿಗೆ ಪರೀಕ್ಷೆ ನಡೆಯುವುದು ಮಂಜು, ಮಳೆಯ ತೇವದಲ್ಲಿ.

ಮರಳಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. ತೊಳೆದು, ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದ ಸಣ್ಣ ಮರಳಲ್ಲಿ ಹೂ ಒಣಗಲು ಎರಡು ಮೂರು ವಾರ ಬೇಕು. ಅದರ ಭಾರಕ್ಕೆ ಎಸಳು ಚಪ್ಪಟೆಯಾಗುತ್ತದೆ. ಬಿಳಿಗಾರಕ್ಕೆ ಮುಸುಕಿನ ಜೋಳದ ಹಿಟ್ಟು ಸಮಸಮ ಬೆರೆಸಿದರೆ ಹಗುರವೇನೋ ಹೌದು, ಆದರೆ ಪುಡಿ ಎಸಳಿಗೆ ಅಂಟಿಕೊಂಡು ಬಿಳಿ ಕಲೆ ಉಳಿಯುತ್ತದೆ, ಮಳೆಗಾಲದಲ್ಲಿ ಹಿಟ್ಟೇ ಗಂಟು ಕಟ್ಟುತ್ತದೆ. ಎರಡನ್ನೂ ಬಿಟ್ಟೆ.

ಇನ್ನು ಅಟ್ಟ. ಎಲ್ಲ ಹೂವೂ ಇದಕ್ಕೆ ಆಗುವುದಿಲ್ಲ. ಮುಟ್ಟಿದರೆ ಸರಸರ ಎನ್ನುವ ಸ್ಟ್ರಾಫ್ಲವರ್, ಗೊಂಫ್ರೀನಾ, ಸ್ಟ್ಯಾಟಿಸ್, ಕೋಳಿಜುಟ್ಟು, ಇವು ನಾಲ್ಕು ಬೆನ್ನೆಲುಬು. ಮಡಿಕೇರಿ ಕಡೆಯ ಮನೆಗಳಂಗಳದಲ್ಲಿ ಧಾರಾಳವಾಗಿರುವ ಹೈಡ್ರೇಂಜಿಯವೂ ಆಗುತ್ತದೆ, ಎಳೆಯದನ್ನು ಕೊಯ್ಯಬಾರದಷ್ಟೆ. ನೀಲಿ ಬಣ್ಣ ಹಸಿರಿಗೆ ತಿರುಗಿ, ಎಸಳು ಬೆರಳಿಗೆ ತೊಗಲಿನಂತೆ ಸಿಗುವವರೆಗೆ ಗಿಡದಲ್ಲೇ ಬಿಟ್ಟು, ಮಳೆ ನಿಂತ ಮೇಲೆ ಕೊಯ್ದು, ಎರಡಿಂಚು ನೀರಿರುವ ಹೂದಾನಿಯಲ್ಲಿಡಿ. ನೀರು ಇಂಗುತ್ತ ಬಂದಂತೆ ಹೂವೂ ನಿಂತಲ್ಲೇ ಒಣಗುತ್ತದೆ. ಚೆಂಡುಹೂ ತೂಗುಹಾಕಿದರೆ ಅರ್ಧಕ್ಕೆ ಕುಗ್ಗುತ್ತದೆ, ಬಣ್ಣ ಮಾತ್ರ ಬಿಡುವುದಿಲ್ಲ.

ಸ್ಟ್ರಾಫ್ಲವರ್ ಕೊಯ್ಯುವ ಹೊತ್ತು ತಪ್ಪಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಹೊರಗಿನ ಎರಡು ಮೂರು ಸುತ್ತು ಮಾತ್ರ ಬಿಚ್ಚಿ ನಡು ಇನ್ನೂ ಮುಚ್ಚಿರಬೇಕು. ಕೊಯ್ದ ಮೇಲೂ ಅದು ಅರಳುತ್ತಲೇ ಇರುತ್ತದೆ. ಪೂರ್ತಿ ಅರಳಿದ್ದನ್ನು ಕೊಯ್ದರೆ ಒಣಗುವಾಗ ಹಿಂದಕ್ಕೆ ಮಡಚಿಕೊಂಡು ನಡುವಿನ ಹಳದಿ ನಾರು ಉದುರತೊಡಗುತ್ತದೆ. ಇದರ ಇನ್ನೊಂದು ದೋಷ ಕತ್ತು. ಒಣಗಿದ ತೊಟ್ಟು ತಲೆಯ ಭಾರ ತಾಳದೆ ಮುರಿಯುತ್ತದೆ. ಆದ್ದರಿಂದ ಹಸಿಯಿರುವಾಗಲೇ ತೊಟ್ಟನ್ನು ಒಂದು ಸೆಂಟಿಮೀಟರ್‌ಗೆ ಕತ್ತರಿಸಿ, ಕೆಳಗಿನಿಂದ 20 ಗೇಜ್‌ನ ಬೈಂಡಿಂಗ್ ವೈರ್ ಚುಚ್ಚಿ, ತುದಿ ಮೇಲೆ ಕಾಣುವ ಮೊದಲೇ ನಿಲ್ಲಿಸಿ. ಸತು ಲೇಪಿಸಿದ ಹೊಳೆಯುವ ಜಿಐ ತಂತಿ ಬೇಡ, ಸರಳು ಕಟ್ಟುವ ಕಪ್ಪು ತಂತಿಯೇ ಬೇಕು. ಹೂವಿನ ಹಸಿಗೆ ಅದು ತುಕ್ಕು ಹಿಡಿಯುತ್ತದೆ, ಹೂ ಒಣಗಿ ಕುಗ್ಗುವಾಗ ಆ ತುಕ್ಕಿನ ಒರಟಿಗೆ ಕಚ್ಚಿಕೊಳ್ಳುತ್ತದೆ, ಅಂಟು ಹಾಕುವ ಅಗತ್ಯವೇ ಬೀಳುವುದಿಲ್ಲ.

ಉಳಿದ ಹೂಗಳ ಎಲೆ ಪೂರ್ತಿ ಸವರಿ, ಎಂಟು ಹತ್ತು ಕಡ್ಡಿಗೆ ಒಂದು ಕಟ್ಟು ಮಾಡಿ. ದಾರದಿಂದ ಕಟ್ಟಿದರೆ ಕಡ್ಡಿ ಸೊರಗಿದಾಗ ಒಂದೊಂದೇ ಜಾರಿ ಬೀಳುತ್ತದೆ, ರಬ್ಬರ್ ಬ್ಯಾಂಡ್ ತಾನೂ ಬಿಗಿಯಾಗುತ್ತ ಹೋಗುತ್ತದೆ. ಹೆಂಚಿನ ಮನೆಯ ಅಟ್ಟ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದಕ್ಕೆ ಹೇಳಿ ಮಾಡಿಸಿದ ಜಾಗ, ಹಗಲಲ್ಲಿ ಬಿಸಿ, ಒಳಗೆ ಕತ್ತಲು. ರಾತ್ರಿ ಹೆಂಚಿನ ಸಂದಿಯಿಂದ ಮಂಜು ಇಳಿಯುವ ಕಡೆ ಮಾತ್ರ ಕಟ್ಟಬೇಡಿ. ಒಲೆಯ ನೇರ ಮೇಲೂ ಬೇಡ, ಬೇಗ ಒಣಗುತ್ತದೆ ನಿಜ, ಬಿಳಿ ಹೂವೆಲ್ಲ ಹೊಗೆ ಬಣ್ಣಕ್ಕೆ ತಿರುಗುತ್ತದೆ. ಹತ್ತರಿಂದ ಇಪ್ಪತ್ತು ದಿನ ಸಾಕು. ಕೊನೆಗೆ ಒಣಗುವುದು ಹೂವಿನ ತಲೆಯ ಕೆಳಗಿನ ಕತ್ತು, ಹಾಗಾಗಿ ಕಡ್ಡಿಯನ್ನು ನೆಟ್ಟಗೆ ಹಿಡಿದು ನೋಡಿ. ತಲೆ ಬಾಗಿದರೆ ಇನ್ನೂ ನಾಲ್ಕು ದಿನ ತೂಗಲಿ. ಕಾಫಿ ಕೊಯ್ಲಿನ ನಡುವೆ ಅಕಾಲ ಮಳೆ ಬಂದು ಕಣದ ಕಾಫಿಗೆ ಟಾರ್ಪಾಲು ಹೊದಿಸುವ ದಿನ, ಹೂವಿನ ಕಟ್ಟುಗಳನ್ನೂ ಕೆಳಗಿಳಿಸಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿಡಬೇಕು. ಎರಡು ದಿನ ತಡವಾದರೆ ಕಟ್ಟಿನ ನಡುವೆ ಬೂಷ್ಟು ಬಂದಿರುತ್ತದೆ.

ಸಿಲಿಕಾಕ್ಕೆ ಬರೋಣ. ಅದು ಬೇಕೇ ಬೇಕಾಗುವುದು ಡೇರೆ (ಡೇಲಿಯಾ) ಹೂವಿಗೆ. ನಮ್ಮಲ್ಲಿ ಡೇರೆ ಅರಳುವುದೇ ಜಡಿಮಳೆಯ ದಿನಗಳಲ್ಲಿ, ಅಟ್ಟದಲ್ಲಿ ಕಟ್ಟಿದರೆ ಒಣಗುವ ಮೊದಲೇ ಕೊಳೆಯುತ್ತದೆ. ಎರಡು ಲೀಟರಿನ ಗಾಳಿಯಾಡದ ಡಬ್ಬಿಗೆ ಸುಮಾರು 1.4 ಕಿಲೋ ಹಿಡಿಯುತ್ತದೆ, ಮಧ್ಯಮ ಗಾತ್ರದ ನಾಲ್ಕೈದು ಹೂ ಕೂರುತ್ತವೆ. ತಳಕ್ಕೆ ಎರಡು ಸೆಂಟಿಮೀಟರ್ ಹಾಸಿ, ಹೂವನ್ನು ಮುಖ ಮೇಲೆ ಮಾಡಿ ಕೂರಿಸಿ, ಚಮಚದಲ್ಲಿ ಮೊದಲು ಬದಿಯಿಂದ, ಆಮೇಲೆ ಎಸಳಿನ ಸಂದಿಗೆ ತುಂಬುತ್ತ ಬನ್ನಿ. ಮೇಲಿನಿಂದ ಸುರಿದರೆ ಸುತ್ತು ಮುಚ್ಚಿಹೋಗುತ್ತದೆ. ಗುಲಾಬಿಗೆ ಮೂರರಿಂದ ಐದು ದಿನ, ಡೇರೆಗೆ ಐದರಿಂದ ಏಳು. ಹೆಚ್ಚು ದಿನ ಬಿಟ್ಟರೆ ಹಪ್ಪಳದಂತೆ ಒಡೆಯುತ್ತದೆ. ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಕೊಳ್ಳುವಾಗ ತಪ್ಪುವುದು ಹರಳಿನ ಗಾತ್ರದಲ್ಲಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದು ಮೂರರಿಂದ ಐದು ಮಿಲಿಮೀಟರಿನ ಮಣಿ. ಅದರಲ್ಲಿ ಒಣಗಿಸಿದ ಪ್ರತಿ ಎಸಳ ಮೇಲೂ ಗುಳಿ ಬೀಳುತ್ತದೆ. ಹೂವಿಗೆ ಬೇಕಾದದ್ದು ಸಕ್ಕರೆಗಿಂತ ಸಣ್ಣ ಹರಳು, ಬೆಲೆಯೂ ಹೆಚ್ಚು. ಬಣ್ಣದಲ್ಲಿ ಕಿತ್ತಳೆಯದನ್ನು ಆರಿಸಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯೊಳಗೆ ಕೈಯಾಡಿಸುವ ಕೆಲಸಕ್ಕೆ ಅದು ಬೇಡ. ಮತ್ತೆ ಬಳಸಲು 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಇಡಬೇಕು. ಡಬ್ಬಿಯ ಮುಚ್ಚಳದ ಮೇಲೆ ಒಣ ತೂಕ ಬರೆದಿಟ್ಟುಕೊಂಡರೆ ಬಣ್ಣ ನೋಡಿ ಅಂದಾಜು ಮಾಡುವ ಕಷ್ಟವಿಲ್ಲ, ಆ ತೂಕಕ್ಕೆ ಬಂದಾಗ ಇಳಿಸಿದರಾಯಿತು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಸಿಲಿಕಾದ ಹೂ ಬಾಗಿಲಲ್ಲಿ ನಿಲ್ಲುವುದಿಲ್ಲ. ನನ್ನ ತಕರಾರಿರುವುದು ಇಲ್ಲಿಯೇ. ಬದುಕಿರುವ ಡೇರೆಯ ಎಸಳನ್ನು ಬಿರುಸಾಗಿ ನಿಲ್ಲಿಸುವುದು ಅದರೊಳಗಿನ ನೀರು. ಸಿಲಿಕಾ ಆ ನೀರನ್ನು ಎಳೆದುಕೊಳ್ಳುವಾಗ ಸುತ್ತಲಿನ ಹರಳು ಎಸಳನ್ನು ಹಿಡಿದುಕೊಂಡಿರುತ್ತದೆ. ಹೊರಗೆ ತೆಗೆದ ಮೇಲೆ ಆ ಆಕಾರಕ್ಕೆ ಒಣತನವೊಂದೇ ಆಧಾರ. ಬಾಗಿಲಲ್ಲಿ ಮಂಜು ಹಾಯ್ದರೆ ಎಸಳು ಗಾಳಿಯ ತೇವ ಹೀರಿಕೊಂಡು ಮೆತ್ತಗಾಗಿ, ತನ್ನ ಭಾರಕ್ಕೇ ಬಾಗುತ್ತದೆ. ಮರುದಿನ ಬಿಸಿಲು ಬಂದು ಒಣಗಿದರೂ ಬಾಗಿದ ಆಕಾರದಲ್ಲೇ ಒಣಗುತ್ತದೆ, ಮೊದಲಿನಂತೆ ಏಳುವುದಿಲ್ಲ. ಪಾರದರ್ಶಕ ಲ್ಯಾಕರನ್ನು ತೆಳುವಾಗಿ ಎರಡು ಸಲ ಸಿಂಪಡಿಸಿದರೆ ಕೆಲವು ವಾರ ಹೆಚ್ಚು ಬರುತ್ತದೆ. ಎಸಳಿನ ಬುಡಕ್ಕೆ ಸ್ಪ್ರೇ ತಲುಪದ ಕಾರಣ ತೇವ ಅಲ್ಲಿಂದಲೇ ಒಳಹೊಗುತ್ತದೆ, ಒಂದು ಬೆಳಗ್ಗೆ ಎಸಳು ಬುಡಸಮೇತ ಕಳಚುತ್ತದೆ.

ಸ್ಟ್ರಾಫ್ಲವರ್‌ಗೂ ತೇವ ತಟ್ಟುತ್ತದೆ, ಅದು ನಡೆದುಕೊಳ್ಳುವ ರೀತಿಯೇ ಬೇರೆ. ಅದರಲ್ಲಿ ನಾವು ಎಸಳು ಎನ್ನುವುದು ಹೂವನ್ನು ಸುತ್ತಿರುವ ಪುಷ್ಪಪತ್ರ. ಗಿಡದಲ್ಲಿರುವಾಗಲೇ ಅದು ಕಾಗದದಂತೆ ಒಣಗಿರುತ್ತದೆ, ನಿಲ್ಲಲು ನೀರಿನ ಆಸರೆ ಬೇಡ. ಮಂಜು ಮುಸುಕಿದ ಬೆಳಗ್ಗೆ ರೀತ್‌ನ ಹೂಗಳೆಲ್ಲ ಮೊಗ್ಗಿನಂತೆ ಮುಚ್ಚಿಕೊಳ್ಳುತ್ತವೆ, ಬಿಸಿಲೇರಿ ಗಾಳಿ ಒಣಗಿದಂತೆ ಮತ್ತೆ ಬಿಚ್ಚುತ್ತವೆ. ಕೊಯ್ದು ತಿಂಗಳುಗಳಾದರೂ ಹೀಗೆಯೇ. ಹಾಳಾಯಿತೆಂದು ಬಿಸಾಡಬೇಡಿ, ಹನ್ನೊಂದು ಗಂಟೆಯವರೆಗೆ ಕಾಯಿರಿ.

ಚಕ್ರಕ್ಕೆ ಪ್ಯಾಷನ್ ಫ್ರೂಟ್ ಬಳ್ಳಿ ಅಥವಾ ಚಿಗುರು ತೆಗೆಯುವಾಗ ಬೀಳುವ ಕಾಫಿ ಕಡ್ಡಿ ಸಾಕು, ಕೊಂಡ ಫೋಮ್‌ಗೆ ದುಡ್ಡು ಹಾಕಬೇಡಿ. ಹಸಿಯಿರುವಾಗಲೇ ನಾಲ್ಕೈದು ಸುತ್ತು ಸುತ್ತಿ, ಹತ್ತು ದಿನ ಒಣಗಿಸಿ, ಸಡಿಲವಾದ ತಂತಿಯನ್ನು ಮತ್ತೊಮ್ಮೆ ಬಿಗಿಯಿರಿ. ರೊಬಸ್ಟಾ ಕಡ್ಡಿಯಾದರೆ ಅಡಿಭಾಗ ತಿರುಗಿಸಿ ನೋಡಿ. ಗುಂಡುಸೂಜಿ ತಲೆಯಷ್ಟು ತೂತಿದ್ದರೆ ಅದು ಕೊಂಬೆ ಕೊರಕ ಹುಳುವಿನದು, ಅಂಥ ಕಡ್ಡಿಯನ್ನು ಸುಟ್ಟುಬಿಡಿ, ತೋಟದ ಪಕ್ಕದ ಮನೆಯಲ್ಲಿ ತೂಗಿಸಬೇಡಿ. 30 ಸೆಂಟಿಮೀಟರಿನ ಚಕ್ರವನ್ನು ಪೂರ್ತಿ ಮುಚ್ಚಲು 60ರಿಂದ 80 ಸ್ಟ್ರಾಫ್ಲವರ್ ಬೇಕು. ಅರ್ಧ ಬಳ್ಳಿ ಕಾಣುವಂತೆ ಬಿಟ್ಟರೆ 25-30 ಹೂ, ಗೊಂಫ್ರೀನಾದ ನಾಲ್ಕು ಸಣ್ಣ ಕಟ್ಟು, ಬೆಳ್ಳಿ ಬೆನ್ನು ಮೇಲೆ ಮಾಡಿದ ಹತ್ತು ಸಿಲ್ವರ್ ಓಕ್ ಎಲೆ. ನನಗೆ ಇದೇ ಹೆಚ್ಚು ಒಪ್ಪುತ್ತದೆ. ಭತ್ತದ ತೆನೆ ಸೇರಿಸುವುದಿದ್ದರೆ ಪೂರ್ತಿ ಹಣ್ಣಾಗುವ ಮೊದಲೇ ಗದ್ದೆಯಿಂದ ಬೇರೆ ಕೊಯ್ದುಕೊಳ್ಳಿ, ಕಾಳು ಉದುರುವುದಿಲ್ಲ. ಹುತ್ತರಿಯಂದು ಮನೆ ತುಂಬಿಸಿದ ಕದಿರನ್ನು ಅಲಂಕಾರಕ್ಕೆ ಮುಟ್ಟುವುದು ಬೇಡ.

ಖರ್ಚಿನ ಲೆಕ್ಕದಲ್ಲಿ ಸ್ಟ್ರಾಫ್ಲವರ್ ಬೀಜದ ಒಂದು ಪೊಟ್ಟಣ ಸಿಲಿಕಾದ ಹತ್ತಿರಕ್ಕೂ ಬರುವುದಿಲ್ಲ. ಆಗಸ್ಟ್‌ನಲ್ಲಿ ಮಳೆ ತಾಗದ ಕಡೆ ನರ್ಸರಿ ಕವರಿನಲ್ಲಿ ಬಿತ್ತಿದರೆ ಡಿಸೆಂಬರ್ ಅಲಂಕಾರಕ್ಕೆ ಹೂ ಸಿಗುತ್ತದೆ. ಓವನ್ ಇಲ್ಲದ, ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲದ ಮನೆಗೆ ಸಿಲಿಕಾ ಬಿಸಿಮಾಡುವುದೂ ಒಂದು ಹೊರೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರು ಸಿಲಿಕಾದ ಹೂವನ್ನು ಬೇಸಿಗೆಯಿಡೀ ಹೊರಗಿಡಬಹುದು. ಭಾಗಮಂಡಲ, ಮಡಿಕೇರಿಯವರು ಡೇರೆಯನ್ನು ಗಾಜಿನ ಭರಣಿಯೊಳಗೆ ಮುಚ್ಚಿಟ್ಟು ನೋಡಿ ಸಂತೋಷಪಡುವುದೇ ಸರಿ.

ತಪ್ಪಿ ಕೊಂಡ ದಪ್ಪ ಮಣಿಯ ಸಿಲಿಕಾ ಇದ್ದರೆ ಎಸೆಯಬೇಡಿ, ರೀತ್ ಕಾಯುವ ಕೆಲಸಕ್ಕೆ ಅದೇ ಒಳ್ಳೆಯದು. ಕಾಫಿ ಹೂ ಅರಳಿಸುವ ಮಾರ್ಚ್ ಏಪ್ರಿಲ್‌ನ ಹೂಮಳೆ ಬೀಳುವ ಮೊದಲು ರೀತ್ ಇಳಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಫ್ರೀಜರ್‌ನಲ್ಲಿಡಿ, ಒಳಗಿನ ಹುಳು ಸಾಯುತ್ತದೆ. ಹೊರತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ಹೂವಿನ ಮೇಲೆ ಹನಿ ಕಟ್ಟುತ್ತದೆ. ಆಮೇಲೆ ಬಿಗಿ ಮುಚ್ಚಳದ 50 ಲೀಟರ್ ಪೆಟ್ಟಿಗೆಯಲ್ಲಿ, ತೆಳು ಬಲೆಬಟ್ಟೆಯ ಚೀಲಕ್ಕೆ ತುಂಬಿದ ಕಾಲು ಕಿಲೋ ಮಣಿಯ ಜೊತೆ ಇಟ್ಟು, ಪೆಟ್ಟಿಗೆಯನ್ನು ಕಪಾಟಿನ ಕತ್ತಲಿಗೆ ಸೇರಿಸಿ. ಪೆಟ್ಟಿಗೆ ಪಾರದರ್ಶಕವಾಗಿರಲಿ, ಮಣಿ ಹಸಿರಾಯಿತೇ ಎಂದು ಮುಚ್ಚಳ ತೆರೆಯದೆ ನೋಡಬಹುದು. ಮಳೆಗಾಲದಲ್ಲಿ ಒಮ್ಮೆ ತೆರೆದರೂ ಒಳಗೆ ತುಂಬುವ ತೇವ ಹೀರಲು ಮಣಿ ಮತ್ತೆ ದುಡಿಯಬೇಕಾಗುತ್ತದೆ.