ಕಡು ಹಸಿರೋ ಕೆನೆ ಬಣ್ಣವೋ: ಎರಡನ್ನೂ ಬಳಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆನೆ ಬಣ್ಣಕ್ಕೆ. ಕಡು ಬಣ್ಣ ಕೆಟ್ಟದ್ದು ಅಂತಲ್ಲ. ಹಾಲ್‌ಗೆ ಅದನ್ನು ಇನ್ನೊಂದು ಸಲ ಬಳಿಸುವ ಧೈರ್ಯ ನನಗಿಲ್ಲ, ಅಷ್ಟೇ.

ನಮ್ಮದು ಶಿವಮೊಗ್ಗದಲ್ಲಿ ಎರಡು ರೂಮಿನ ಮನೆ. ಎರಡು ವರ್ಷದ ಹಿಂದೆ ದಸರಾಕ್ಕೆ ಮುಂಚೆ ಪೇಂಟ್ ಮಾಡಿಸಿದೆವು. ಮಲಗುವ ಕೋಣೆಗೆ ಕೆನೆ, ಹಾಲ್‌ನಲ್ಲಿ ಟಿವಿ ಇರುವ ಗೋಡೆಗೂ ಅದರ ಪಕ್ಕದ್ದಕ್ಕೂ ಕಡು ಹಸಿರು. ಹಳೇ ಕಲ್ಯಾಣಿಯ ಪಾಚಿ ಇರುತ್ತಲ್ಲ, ಆ ಬಣ್ಣ. ಎರಡೂ ಒಂದೇ ಕಂಪನಿಯ ಮ್ಯಾಟ್ ಎಮಲ್ಷನ್, ಅಂದರೆ ಹೊಳಪಿಲ್ಲದ ಗೋಡೆ ಪೇಂಟ್. ಪೇಂಟರ್ ಕೂಡ ಒಬ್ಬನೇ. ಆದ್ದರಿಂದ ತಪ್ಪು ಬಣ್ಣದ್ದೋ ಕೆಲಸದ್ದೋ ಅನ್ನೋ ಜಗಳ ಬೇಡ.

ಮೊದಲ ಮೂರು ತಿಂಗಳು ಹಸಿರೇ ಗೆದ್ದಿತ್ತು. ಬಂದವರೆಲ್ಲ ಹಾಲ್‌ನಲ್ಲೇ ನಿಂತು ಫೋಟೋ ತೆಗೆಸಿಕೊಂಡರು. ಕೆನೆ ಬಣ್ಣದ ಕೋಣೆಯನ್ನು ಯಾರೂ ತಿರುಗಿಯೂ ನೋಡಲಿಲ್ಲ.

ಆಮೇಲೆ ಬಂತು ನೋಡಿ, ಮೊಳೆ ಪ್ರಸಂಗ. ಯುಗಾದಿಗೆ ಕ್ಯಾಲೆಂಡರನ್ನು ಒಂದಡಿ ಪಕ್ಕಕ್ಕೆ ಸರಿಸೋಣ ಅಂತ ನಮ್ಮ ಯಜಮಾನರು ಹಳೇ ಮೊಳೆ ಕಿತ್ತರು. ಮೊಳೆ ಜೊತೆ ಎಂಟಾಣೆ ಅಗಲದ ಗಾರೆಯೂ ಉದುರಿತು. ಏನು ಮಹಾ, ಉಳಿದ ಪೇಂಟ್ ಅಟ್ಟದ ಮೇಲಿತ್ತು. ತೂತಿಗೆ ಪುಟ್ಟಿ ತುಂಬಿ, ಒಣಗಿಸಿ, ಉಜ್ಜು ಕಾಗದದಲ್ಲಿ ತಿಕ್ಕಿ, ಬ್ರಶ್‌ನಿಂದ ಮೇಲೆ ಎರಡು ಸಲ ಹಸಿರು ಬಳಿದೆ. ಎದುರು ನಿಂತು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಸಂಜೆ ಟ್ಯೂಬ್‌ಲೈಟ್ ಹಾಕಿದೆ. ಗೋಡೆ ಮೇಲೆ ಅಂಗೈ ಅಗಲದ ಒಂದು ತೇಪೆ, ಒದ್ದೆ ಬಟ್ಟೆ ಒತ್ತಿ ತೆಗೆದ ಹಾಗೆ ಕಾಣಿಸಿತು!

ಪೇಂಟರ್‌ಗೆ ಫೋನ್ ಮಾಡಿದೆ. "ಅಕ್ಕಾ, ರೋಲರ್‌ನಲ್ಲಿ ಹೊಡೆದ ಗೋಡೆಗೆ ಬ್ರಶ್ ಹಾಕಿದ್ರಾ? ಅದೂ ಪುಟ್ಟಿಗೆ ಪ್ರೈಮರ್ ಇಲ್ಲದೆ? ಪುಟ್ಟಿ ಬಣ್ಣ ಕುಡಿಯುತ್ತೆ" ಅಂದ. ಸರಿ, ಸಣ್ಣ ರೋಲರ್ ತಂದು, ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ತಳಪದರ) ಹಾಕಿ, ಸುತ್ತ ಸ್ವಲ್ಪ ಹರಡಿ ಹೊಡೆದೆ. ಅಂಗೈ ಹೋಗಿ ಊಟದ ತಟ್ಟೆಯಾಯಿತು. ಅಷ್ಟರಲ್ಲಿ ಡಬ್ಬಿಯೂ ತಳ ಕಂಡಿತು. ಅದೇ ಕೋಡ್ ಹೇಳಿ ಅಂಗಡಿಯಲ್ಲಿ 1 ಲೀಟರ್ ಹೊಸದಾಗಿ ಬೆರೆಸಿಸಿ ತಂದರೆ, ಅದು ಕೂದಲೆಳೆಯಷ್ಟು ನೀಲಿಗೆ ತಿರುಗಿತ್ತು. ಕೊನೆಗೆ ಪೇಂಟರೇ ಬಂದು ಈ ಮೂಲೆಯಿಂದ ಆ ಮೂಲೆವರೆಗೆ ಗೋಡೆ ಪೂರ್ತಿ ಹೊಡೆಯಬೇಕಾಯಿತು. ಒಂದು ಮೊಳೆಗೆ ಒಂದು ದಿನದ ಕೂಲಿ.

ಇದೇ ಎಡವಟ್ಟು ಕೆನೆ ಗೋಡೆಯಲ್ಲೂ ಆಗಿದೆ. ಮಂಚ ಸರಿಸುವಾಗ ಮೂಲೆ ತಾಗಿ ಗೋಡೆ ಕೆತ್ತಿಹೋಯಿತು. ಅದಕ್ಕೂ ಪುಟ್ಟಿ, ಅದಕ್ಕೂ ಬ್ರಶ್, ಪ್ರೈಮರ್ ಹಾಕುವ ಗೋಜಿಗೂ ಹೋಗಲಿಲ್ಲ. ಈಗ ಎಲ್ಲಿ ಅಂತ ಕೇಳಿದರೆ ನಾನೇ ಹುಡುಕಬೇಕು.

ಕಡು ಮ್ಯಾಟ್ ಗೋಡೆಗೆ ಇನ್ನೊಂದು ಖಾಯಿಲೆ ಇದೆ. ತಿಕ್ಕಿದ ಜಾಗ ಹೊಳೆಯುತ್ತದೆ. ಸೋಫಾ ಹಿಂದೆ ತಲೆ ಒರಗುವ ಕಡೆ, ಮಗಳು ಸ್ಕೂಲ್ ಬ್ಯಾಗ್ ಎಸೆಯುವ ಕಡೆ, ಬಟ್ಟೆಯಿಂದ ಒರೆಸಿದ ಕಡೆ, ಎಲ್ಲ ಕಡೆ ಮಿರಿಮಿರಿ ಪಟ್ಟೆ. ಕೊಳೆ ಕಾಣಲ್ಲ ಅಂತ ಕಡು ಬಣ್ಣ ಆರಿಸಿದವಳು ನಾನು! ಧೂಳು, ಜೇಡರ ಬಲೆ ಎಲ್ಲ ಹಸಿರಿನ ಮೇಲೆಯೇ ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ಕಿಟಕಿ ಕೆಳಗೆ ಥಂಡಿ ಹಿಡಿದು ಬಿಳಿ ಉಪ್ಪು ಬಂದಾಗಲಂತೂ ಹಲ್ಲುಪುಡಿ ಚೆಲ್ಲಿದ ಹಾಗಿತ್ತು. ಥಂಡಿಗೆ ಬಣ್ಣ ಕಾರಣ ಅಲ್ಲ ಬಿಡಿ, ಆದರೆ ಕೆನೆ ಗೋಡೆಯಾಗಿದ್ದರೆ ಊರಿಗೆಲ್ಲ ಸಾರುತ್ತಿರಲಿಲ್ಲ.

ಖರ್ಚಿನ ಮಾತು. ಕೆನೆಗೆ 2 ಕೋಟ್ ಸಾಕಾಯಿತು, ಹಸಿರಿಗೆ 3. ಕಡು ಶೇಡ್‌ಗೆ ಬೇರೆ ಬೇಸ್, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟ್, ತಗೊಳ್ಳುತ್ತಾರೆ, ಅದರಲ್ಲಿ ಗೋಡೆ ಮುಚ್ಚುವ ಬಿಳಿ, ಅಂದರೆ ಟೈಟೇನಿಯಂ ಡೈಆಕ್ಸೈಡ್, ತೀರಾ ಕಮ್ಮಿ ಇರುತ್ತದೆ ಅಂತ ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಕೂಲಿಯ ಲೆಕ್ಕ ಸರಿಯಾಗಿ ಹಾಕುತ್ತಿದ್ದೆ.

ಬೆಳಕಿನಲ್ಲಿ ಪೈಪೋಟಿಯೇ ಇಲ್ಲ. ಕೆಲವು ಶೇಡ್ ಕಾರ್ಡ್‌ಗಳಲ್ಲಿ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ: ಕಪ್ಪು ಅಂದರೆ 0, ಬಿಳಿ ಅಂದರೆ 100, ಗೋಡೆ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅನ್ನೋ ಲೆಕ್ಕ. ನನ್ನ ಹಸಿರು 10ರ ಒಳಗಿನದು. ಜುಲೈನಲ್ಲಿ ಮೋಡ ಕವಿದರೆ ಮಧ್ಯಾಹ್ನ ಮೂರಕ್ಕೇ ಹಾಲ್‌ನಲ್ಲಿ ಲೈಟ್ ಹಾಕಬೇಕು, ಕೆನೆ ಕೋಣೆಯಲ್ಲಿ ಆರರವರೆಗೂ ಪೇಪರ್ ಓದಬಹುದು.

ಕೆನೆಗೂ ತೊಂದರೆ ಇಲ್ಲದಿಲ್ಲ. ಸ್ವಿಚ್ ಬೋರ್ಡ್ ಸುತ್ತ ಕೈ ಕರೆ ಆಗುತ್ತದೆ. ಬೀರು ಹಿಂದೆ ಬೂಷ್ಟು ಬಂದರೆ ಕರಿ ಚುಕ್ಕೆ ಕೂಡಲೇ ಕಾಣುತ್ತದೆ. ಕಂಡರೆ ಒಳ್ಳೆಯದೇ ಅಲ್ವಾ, ಒರೆಸಬಹುದು. ಮಗಳ ಕ್ರೆಯಾನ್ ಗೆರೆ ಮಾತ್ರ ಹೋಗಿಲ್ಲ, ಅದರ ಮೇಲೆ ಟೈಮ್ ಟೇಬಲ್ ಅಂಟಿಸಿದ್ದೇನೆ.

ಚಿಕ್ಕ ಮಕ್ಕಳಿಲ್ಲ, ವರ್ಷಕ್ಕೊಮ್ಮೆ ಪೇಂಟರ್ ಕರೆಸುವ ಶಕ್ತಿ ಇದೆ, ಮನೆಗೆ ಬಿಸಿಲು ಚೆನ್ನಾಗಿ ಬರುತ್ತದೆ ಅನ್ನುವವರು ಕಡು ಬಣ್ಣ ಧಾರಾಳವಾಗಿ ಬಳಿಸಿ. ಆಸೆ ಇದ್ದೂ ಕೈಗೆ ಬಿಗಿ ಇರುವವರು ಮಂಚದ ತಲೆದೆಸೆಯ ಒಂದೇ ಗೋಡೆಗೆ ಬಳಿಸಿ, ಅಲ್ಲಿ ಮೊಳೆ ಹೊಡೆಯಬೇಡಿ. ಬೆರೆಸಿಸುವಾಗಲೇ 1 ಲೀಟರ್ ಜಾಸ್ತಿ ತೆಗೆದಿಡಿ.

ನಮ್ಮ ಹಾಲ್‌ಗೆ ಈ ದಸರಾಕ್ಕೆ ಒಂದು ಕೋಟ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ಕೆನೆ. ಪೇಂಟರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ. ಕ್ಯಾಲೆಂಡರ್ ಎಲ್ಲಿರಬೇಕು ಅಂತ ಯಜಮಾನರನ್ನು ಈಗಲೇ ಕೇಳಿ ಗುರುತು ಹಾಕಿಸಿಕೊಂಡಿದ್ದೇನೆ.